ಎರಡು ನಿಮಿಷ ನಲವತ್ತು ಸೆಕೆಂಡಿಗೆ

ರೊಸಾರಿಯೋದಲ್ಲಿ, ಧಾನ್ಯದ ಲಾರಿಗಳು
ಬಂದರಿನ ಕಡೆ ಹೊರಳುವ ಮೂಲೆಯಲ್ಲಿ
ಓವಿದಿಯೋನ ಪಂಕ್ಚರ್ ಅಂಗಡಿ.
ಶನಿವಾರ ಸಂಜೆ ಷಟರು ಅರ್ಧಕ್ಕಿಳಿದರೆ
ಒಳಗೆ ನಾವು ನಾಲ್ವರು, ಕೂರಲು ಸವೆದ ಟಯರು,
ಒಂದೇ ಬುರುಡೆ, ಒಂದೇ ತಗಡಿನ ಕೊಳವೆ.
ಇಲ್ಲಿ ಮಾತೆ ಅಂದರೆ ಕಹಿ ಎಲೆಯ ಬಿಸಿ ಕಷಾಯ.
ಎಡಗೈಯಿಂದ ಬಲಗೈಗೆ ಸುತ್ತು ಬರುತ್ತದೆ,
ಬೆನ್ನಿಗೇ ಜಗಳ.

ಜಗಳಕ್ಕೀಗ ಇಪ್ಪತ್ತೇಳು ವರ್ಷ:
'ಉಪ್ಪಿನ ಲಾರಿ' ಹಾಡಿದ್ದರಲ್ಲಿ
ಯಾವುದು ಎಲ್ಲಕ್ಕಿಂತ ಮೇಲು?

'ಸತುವಿನ ಸೂರು' ಅನ್ನುತ್ತಾಳೆ ಸುಲೇಮಾ,
ಶಾಲೆಯ ವ್ಯಾನು ಓಡಿಸುವವಳು.
"ಆ ಡ್ರಮ್ಮು ಕೇಳ್ರೋ,
ಆಲಿಕಲ್ಲು ಎಣಿಸಿಕೊಂಡು ಬಿದ್ದ ಹಾಗೆ."
ತದೇವೋ ಲೆಕ್ಕದ ಮೇಷ್ಟ್ರು. ಅವನ ಹತ್ತಿರ ಪುಸ್ತಕವಿದೆ,
ಸಾಹಿತ್ಯಕ್ಕಿಷ್ಟು, ಗಿಟಾರಿಗಿಷ್ಟು,
ಗಂಟಲು ಒಡೆದ ಜಾಗಕ್ಕೆ ಬೇರೆ ಕಲಮು.
'ಏಳನೇ ಕಂಬ' ಅರ್ಧ ಅಂಕ ಮುಂದೆ,
ಪ್ರತಿ ವರ್ಷವೂ ಅರ್ಧವೇ.
"ಹೆತ್ತವರಿಗೆ ಹೆಗ್ಗಣ ಮುದ್ದು" ಅಂದೆ ನಾನು.
"ಕೀಬೋರ್ಡು ಬಂದಿದ್ದೇ ತಂಡ ಕೆಟ್ಟಿತು."
"ಕೆಟ್ಟಿದ್ದು ನಿನ್ನ ಕಿವಿ."

ಓವಿದಿಯೋ ವಾದಕ್ಕಿಳಿಯುವವನಲ್ಲ.
ಟ್ಯೂಬನ್ನು ತೊಟ್ಟಿಯ ನೀರಲ್ಲಿ ಅದುಮಿ
ಗುಳ್ಳೆ ಎಲ್ಲಿ ಏಳುತ್ತದೆಂದು ಕಾಯುತ್ತ
ಅದೇ ಹೆಸರು ಹೇಳುತ್ತಾನೆ: 'ಮಂಗಳವಾರ ರಜೆ'.
ನಾವು ನಕ್ಕು ಸಾಯುತ್ತೇವೆ.
ಎರಡನೇ ಮಗ್ಗುಲಿನ ಕೊನೇ ಹಾಡು,
ಸ್ಟುಡಿಯೋ ಬಾಡಿಗೆ ಉಳಿದಿತ್ತೆಂದು
ತುಂಬಿಸಿದ್ದಿರಬೇಕು.

ಮೊನ್ನೆ ತದೇವೋಗೆ ಏನನ್ನಿಸಿತೋ,
"ಒಮ್ಮೆ ಹಾಕೇಬಿಡೋಣ, ಅಂಕ ಕೊಟ್ಟು ಮುಗಿಸೋಣ"
ಅಂತ ಫೋನಿನಲ್ಲಿ ಹುಡುಕಿ ಹಚ್ಚಿದ.
ಶುದ್ಧವಾಗಿತ್ತು, ತೊಳೆದಿಟ್ಟ ತಟ್ಟೆಯ ಹಾಗೆ.
ಎರಡು ನಿಮಿಷ ನಲವತ್ತು ಸೆಕೆಂಡಿಗೆ
ಗಿಟಾರು ನಿಂತಿತು. ಓವಿದಿಯೋ
ಗ್ರೀಸು ಮೆತ್ತಿದ ತೋರುಬೆರಳು ಎತ್ತಿದ.
ಏನೂ ಬರಲಿಲ್ಲ.
ಬೆರಳು ಅಲ್ಲೇ ನಿಂತಿತ್ತು
ಎರಡನೇ ಚರಣ ಶುರುವಾಗಿ ಎಷ್ಟೋ ಹೊತ್ತು.

"ಬರಲ್ಲ ಅಂತ ಗೊತ್ತು," ಅಂದ.
"ಬೆರಳಿಗೆ ಗೊತ್ತಿರಲಿಲ್ಲ."

ವಾಲ್ವಿನ ಮುಚ್ಚಳಗಳ ಡಬ್ಬಿಯ ತಳದಿಂದ
ಕ್ಯಾಸೆಟ್ಟೊಂದು ತೆಗೆದ.
ಹದಿಮೂರರಲ್ಲಿ ರೇಡಿಯೋ ಬಾಯಿಗೆ
ಟೇಪ್ ರೆಕಾರ್ಡರಿನ ಬಾಯಿ ಒತ್ತಿ ಹಿಡಿದದ್ದು.
ಕೇಳುವ ಯಂತ್ರ ಕೆಟ್ಟು ಹತ್ತು ವರ್ಷ.
ಸುಲೇಮಾಳ ವ್ಯಾನಿಗೆ ಆ ಹಳೇ ರೋಗ ಇನ್ನೂ ಇತ್ತು.
ಮಕ್ಕಳ ಸೀಟಿನಲ್ಲಿ ಮೊಣಕಾಲು ಮಡಚಿ
ಮೂವರು ಕೂತೆವು; ಅವಳು ಬೀಗ ತಿರುಗಿಸಿದಳು.

ರೀಲು ಎಳೆಯಿತು. ಹಾಡುಗಾರನಿಗೆ ನೆಗಡಿ.
ಹಿಂದೆಲ್ಲೋ ಒಂದು ನಾಯಿ, ಬಕೆಟ್ಟು ಇಟ್ಟ ಸದ್ದು.
ಗಿಟಾರು ನಿಂತಿತು, ಆ ಸಂದಿನಲ್ಲಿ ಹೆಂಗಸೊಬ್ಬಳು
ಸಿಟ್ಟಿಲ್ಲದೆ, ಕೆಲಸದ ನಡುವಿನ ದನಿಯಲ್ಲಿ:
"ಓವಿ, ಹಾಲು ಉಕ್ತಿದೆ, ಗ್ಯಾಸ್ ಆರಿಸೋ."
ಚರಣ ಅಲ್ಲಿಂದಲೇ ಹೊರಟಿತು,
ಅವಳು ಬಾಗಿಲು ತೆರೆದಳೆಂಬಂತೆ.

ಯಾರೂ ಮಾತಾಡಲಿಲ್ಲ.
ತದೇವೋ ಪುಸ್ತಕ ಬಿಡಿಸಿ
ಯಾವ ಕಲಮಿಗೆ ಬರೆಯಲೆಂದು ತಿಳಿಯದೆ
ಪೆನ್ನಿನ ಟೋಪಿ ಕಚ್ಚುತ್ತ ಕೂತ.
ಲಾರಿಯೊಂದು ಹಾದು ಗಾಜು ನಡುಗಿತು,
ರಸ್ತೆಗೆ ಒಂದಿಷ್ಟು ಸೋಯಾ ಚೆಲ್ಲಿತು.

"ಅರ್ಧ ಮಾತ್ರೆ ತಡವಾಗಿ ಎತ್ಕೊಂಡ್ರು," ಸುಲೇಮಾ
ಸ್ಟೇರಿಂಗಿನ ಮೇಲೆ ಬೆರಳು ಬಡಿದು ನೋಡಿದಳು.
"ತಡ ಅಲ್ಲ, ಬೇಕಂತಲೇ ಬಿಟ್ಟಿದ್ದು," ಅಂದೆ.
"ನಿನಗೇನು ಗೊತ್ತು ತಾಳ?"
"ರಿವೈಂಡ್ ಮಾಡು, ತೋರಿಸ್ತೀನಿ."
ಮಾಡಿದಳು. ಮತ್ತೊಮ್ಮೆ. ನಾಲ್ಕನೇ ಸಲಕ್ಕೆ
ಓವಿದಿಯೋ ತಾನೇ ಕೈಯಡ್ಡ ಹಿಡಿದ:
"ಸಾಕು, ರೀಲು ತುಂಡಾಗತ್ತೆ."

"ಆದ್ರೂ ಸತುವಿನ ಸೂರೇ ಮೇಲು," ಅಂದಳು ಸುಲೇಮಾ,
ಮೂಗು ಒರೆಸಿಕೊಂಡು.

ಇಳಿಯುವಾಗ ನಾನು ಕೇಳಿದೆ:
"ಹಾಲು ಉಕ್ತಾ ಅವತ್ತು?"
"ಉಕ್ದೆ ಇರತ್ತಾ?" ಅಂದ.
"ಹಾಡು ಮುಗಿಸೇ ಎದ್ದೆ."